ಕಡಲ ಹುಳುಗಳು

ಉಪ್ಪುನೀರಿನಲ್ಲಿ ಬದುಕುವ, ಉದ್ದನೆಯ ಮೆತ್ತನೆಯ ಮೈಯ, ಬೆನ್ನೆಲುಬೂ ಕೀಲುಗಾಲುಗಳೂ ಇಲ್ಲದ ಪ್ರಾಣಿಗಳಿಗೆಲ್ಲ ಒಟ್ಟಾಗಿ ಸಲ್ಲುವ ಹೆಸರು. ಉಬ್ಬರದ ನೀರು ಮುಟ್ಟಿ ಹಿಂದೆ ಸರಿಯುವ ದಡದ ಮರಳಿನಿಂದ ಹಿಡಿದು ಹತ್ತು ಕಿಲೋಮೀಟರ್ ಆಳದ ಕಂದಕಗಳವರೆಗೆ ಇವು ಇಲ್ಲದ ಜಾಗವಿಲ್ಲ. ಕಡಲ ತಳದ ಬಹುಪಾಲು ಬಂಡೆಯಲ್ಲ, ಹವಳವೂ ಅಲ್ಲ. ಬರೀ ಕೆಸರು ಮತ್ತು ಮರಳು. ಆ ಕೆಸರನ್ನು ಜರಡಿ ಹಿಡಿದು, ಬರಿಗಣ್ಣಿಗೆ ಕಾಣುವ ಜೀವಿಗಳನ್ನು ಎಣಿಸಿದರೆ ಅನೇಕ ಕಡೆ ಅರ್ಧದಷ್ಟು ಹುಳುಗಳೇ ಸಿಗುತ್ತವೆ. ಎರೆಹುಳು ರೈತನ ಮಿತ್ರ ಎಂದು ಶಾಲೆಯಲ್ಲಿ ಎಲ್ಲರೂ ಓದಿರುತ್ತೇವೆ. ನೆಲದ ಮೇಲೆ ಎರೆಹುಳು ಮಾಡುವ ಉಳುಮೆಯನ್ನು ಕಡಲ ತಳದಲ್ಲಿ ಈ ಹುಳುಗಳು ಅದಕ್ಕಿಂತ ಬಹಳ ಹಿಂದಿನಿಂದ, ಬಹಳ ದೊಡ್ಡ ಪ್ರಮಾಣದಲ್ಲಿ ಮಾಡುತ್ತ ಬಂದಿವೆ.

‘ಹುಳು’ ಎಂಬ ಮಾತು ಕನ್ನಡದಲ್ಲಿ ಬಹಳ ವಿಶಾಲವಾದದ್ದು. ರೇಷ್ಮೆ ಹುಳು ಪತಂಗದ ಮರಿ, ಮಿಂಚುಹುಳು ಜೀರುಂಡೆಯ ಬಳಗ, ಬಸವನಹುಳು ಮೃದ್ವಂಗಿ. ಮಲೆನಾಡು ಕರಾವಳಿಗಳಲ್ಲಿ ಹಾವಿನ ಹೆಸರೆತ್ತಲು ಅಂಜಿ ‘ಹುಳ’ ಎನ್ನುವುದೂ ಉಂಟು. ವಿಜ್ಞಾನವೂ ಬಹುಕಾಲ ಹೀಗೆಯೇ ನಡೆದುಕೊಂಡಿತು. ಸ್ವೀಡನ್ನಿನ ಕಾರ್ಲ್ ಲಿನೇಯಸ್ 1758ರಲ್ಲಿ ಪ್ರಾಣಿಗಳನ್ನು ವಿಂಗಡಿಸಿದಾಗ ಬೆನ್ನೆಲುಬಿನವನ್ನೂ ಕೀಟ, ಏಡಿಗಳಂಥವನ್ನೂ ಬೇರೆ ಮಾಡಿ, ಉಳಿದದ್ದನ್ನೆಲ್ಲ ‘ವರ್ಮೀಸ್’ ಎಂಬ ಒಂದೇ ಗೂಡಿಗೆ ತುಂಬಿದ. ಚಿಪ್ಪುಜೀವಿ, ಲೋಳೆಮೀನು, ನಕ್ಷತ್ರಮೀನು ಎಲ್ಲವೂ ಅದರಲ್ಲಿದ್ದವು. ಇಂದು ಆ ಗೂಡು ಒಡೆದುಹೋಗಿದೆ. ಹುಳುವಿನ ಮೈಯುಳ್ಳ ಕಡಲ ಪ್ರಾಣಿಗಳು ಹತ್ತಕ್ಕೂ ಹೆಚ್ಚು ವಂಶಗಳಲ್ಲಿ ಹಂಚಿಹೋಗಿವೆ. ಅವುಗಳಲ್ಲಿ ಓಕ್‌ಕಾಯಿ ಹುಳು ಎಂಬುದು ತನ್ನ ಪಕ್ಕದ ಬಿಲದ ಬಿರುಗೂದಲ ಹುಳುವಿಗಿಂತ ಮನುಷ್ಯನಿಗೇ ಹತ್ತಿರದ ನೆಂಟ. ಹಾಗಾಗಿ ಕಡಲ ಹುಳು ಎಂದಾಗ ನಮಗೆ ತಿಳಿಯುವುದು ಮೈಯ ಆಕಾರ ಮಾತ್ರ. ಕುಲದ ಸುಳಿವು ಅದರಲ್ಲಿಲ್ಲ. ಇನ್ನು ಮರದ ದೋಣಿಗಳನ್ನು ಜರಡಿಯಂತೆ ಕೊರೆಯುವ ಹಡಗುಹುಳುವಂತೂ ಹುಳುವೇ ಅಲ್ಲ. ಅದು ಬಳಚು, ಮರುವಾಯಿಗಳ ಬಳಗದ ಮೃದ್ವಂಗಿ. ತಲೆಯ ತುದಿಯಲ್ಲಿ ಉಳಿದ ಎರಡು ಪುಟ್ಟ ಚಿಪ್ಪುಗಳೇ ಅದರ ಬೈರಿಗೆ.

ಆಕಾರದ ಗುಟ್ಟು

ಇಷ್ಟೊಂದು ವಂಶಗಳು ಒಂದೇ ಆಕಾರವನ್ನು ಹಿಡಿದಿರುವುದಕ್ಕೆ ಕಾರಣವಿದೆ. ಹುಳುವಿನ ಮೈಯೊಳಗೆ ಎಲುಬಿಲ್ಲ, ನೀರಿದೆ. ದ್ರವ ತುಂಬಿದ ಚೀಲದ ಸುತ್ತ ಸಾಮಾನ್ಯವಾಗಿ ಎರಡು ಪದರ ಸ್ನಾಯು: ಒಂದು ಬಳೆಯಂತೆ ಸುತ್ತಿದ್ದು, ಇನ್ನೊಂದು ಉದ್ದಕ್ಕೆ ಹಾಸಿದ್ದು. ನೀರನ್ನು ಅದುಮಿ ಕಿರಿದು ಮಾಡಲಾಗದು. ಆದ್ದರಿಂದ ಬಳೆಸ್ನಾಯು ಬಿಗಿದರೆ ಮೈ ತೆಳ್ಳಗಾಗಿ ಉದ್ದಕ್ಕೆ ಚಾಚುತ್ತದೆ. ಉದ್ದಸ್ನಾಯು ಬಿಗಿದರೆ ಗಿಡ್ಡವಾಗಿ ಉಬ್ಬುತ್ತದೆ. ಉಬ್ಬಿದ ಭಾಗ ಬಿಲದ ಗೋಡೆಗೆ ಒತ್ತಿ ಊರಿಕೊಳ್ಳುತ್ತದೆ, ತೆಳ್ಳಗಾದ ಭಾಗ ಮುಂದೆ ತೂರುತ್ತದೆ. ಇಷ್ಟು ಸರಳವಾದ ಯಂತ್ರದಿಂದ ಹುಳು ತನಗಿಂತ ಎಷ್ಟೋ ಪಟ್ಟು ಭಾರದ ಕೆಸರಿನೊಳಗೆ ದಾರಿ ಮಾಡಿಕೊಳ್ಳುತ್ತದೆ.

ಹುಳು ಕೆಸರನ್ನು ಅಗೆದು ಪಕ್ಕಕ್ಕೆ ತಳ್ಳುತ್ತದೆ ಎಂದೇ ಬಹುಕಾಲ ನಂಬಲಾಗಿತ್ತು. 2005ರಲ್ಲಿ ಅಮೆರಿಕದ ಕೆಲ್ಲಿ ಡಾರ್ಗನ್ ಮತ್ತು ಸಂಗಡಿಗರು, ಕೆಸರಿನಷ್ಟೇ ಬಿಗುವಿನ, ಆದರೆ ಆರಪಾರ ಕಾಣುವ ಜೆಲಟಿನ್‌ನಲ್ಲಿ ನೀರಿಸ್ ಬಳಗದ ಹುಳುವನ್ನು ಬಿಟ್ಟು ನೋಡಿದರು. ಹುಳು ಗಂಟಲನ್ನು ಹೊರಕ್ಕೆ ಉಬ್ಬಿಸಿ ಬೆಣೆಯಂತೆ ಒತ್ತುತ್ತಿತ್ತು, ಎದುರಿಗೆ ತೆಳುವಾದ ಬಿರುಕು ಬಿಡುತ್ತಿತ್ತು, ಆ ಬಿರುಕಿನೊಳಗೆ ಹುಳು ನುಸುಳುತ್ತಿತ್ತು. ಸೌದೆ ಸೀಳುವವನು ಬೆಣೆ ಹೊಡೆದ ಹಾಗೆ. ಮೆತ್ತಗೆ ಕಾಣುವ ಕೆಸರು ಹುಳುವಿನ ಪಾಲಿಗೆ ಸೀಳಬಹುದಾದ ಘನವಸ್ತು.

ಈ ಕೊರೆತ ಭೂಮಿಯ ಚರಿತ್ರೆಯಲ್ಲೇ ಒಂದು ಗಡಿರೇಖೆ ಎಳೆದಿದೆ. ಕ್ಯಾಂಬ್ರಿಯನ್ ಯುಗ ಎಲ್ಲಿಂದ ಆರಂಭವಾಯಿತು ಎಂಬುದಕ್ಕೆ 1992ರಲ್ಲಿ ಭೂವಿಜ್ಞಾನಿಗಳು ಒಪ್ಪಿಕೊಂಡ ಗುರುತು ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನ ಫಾರ್ಚೂನ್ ಹೆಡ್ ಎಂಬಲ್ಲಿನ ಕಲ್ಲಿನಲ್ಲಿದೆ. ಅದು ಎಲುಬಲ್ಲ, ಚಿಪ್ಪಲ್ಲ. ‘ಟ್ರೆಪ್ಟಿಕ್ನಸ್ ಪೆಡಮ್’ ಎಂದು ಹೆಸರಿಟ್ಟ ಒಂದು ಬಿಲದ ಅಚ್ಚು, ಬಹುಶಃ ಪ್ರಯಪುಲಿಡ್ ಬಗೆಯ ಹುಳು ಸುಮಾರು 53.9 ಕೋಟಿ ವರ್ಷಗಳ ಹಿಂದೆ ಕೊರೆದದ್ದು. ಅದಕ್ಕೂ ಮೊದಲು ಕಡಲ ತಳದ ಮೇಲೆ ಸೂಕ್ಷ್ಮಜೀವಿಗಳ ಪಾಚಿಚಾಪೆ ಹಾಸಿತ್ತು. ಅದರ ಕೆಳಗಿನ ಕೆಸರಿಗೆ ಗಾಳಿಯ ಸೋಂಕಿರಲಿಲ್ಲ. ಹುಳುಗಳು ಮೇಲಿನಿಂದ ಕೆಳಕ್ಕೆ ಬಿಲ ಕೊರೆಯತೊಡಗಿದಾಗ ಚಾಪೆ ಹರಿಯಿತು, ಆಮ್ಲಜನಕ ಬೆರೆತ ನೀರು ಒಳಗೆ ಇಳಿಯಿತು, ತಳದ ಕೆಸರು ಬೇರೆಯೇ ಒಂದು ಲೋಕವಾಯಿತು. ಜರ್ಮನಿಯ ಪಳೆಯುಳಿಕೆ ತಜ್ಞ ಅಡಾಲ್ಫ್ ಸೈಲಾಕರ್ ಇದನ್ನು ಕಡಲ ತಳದ ‘ಕೃಷಿ ಕ್ರಾಂತಿ’ ಎಂದು ಕರೆದರು. ಹುಳುವಿನ ಬಗ್ಗೆ ಆಡಿದ ಇಷ್ಟು ತಕ್ಕ ಮಾತು ಇನ್ನೊಂದಿಲ್ಲ.

ಬಿರುಗೂದಲ ಹುಳುಗಳು

ಕಡಲ ಹುಳುಗಳಲ್ಲಿ ಅತಿ ದೊಡ್ಡ, ಅತಿ ಬಣ್ಣದ ಬಳಗ ಪಾಲಿಕೀಟ್‌ಗಳದ್ದು. ಎರೆಹುಳು, ಜಿಗಣೆಗಳಂತೆ ಇವೂ ವಲಯವಂತಗಳು. ಮೈ ಉಂಗುರ ಉಂಗುರವಾಗಿದ್ದು, ಪ್ರತಿ ಉಂಗುರದ ಎರಡೂ ಪಕ್ಕದಲ್ಲಿ ಚಿಕ್ಕ ಹುಟ್ಟಿನಂತಹ ಮಾಂಸಲ ಪಾದ, ಪಾದದ ತುದಿಯಲ್ಲಿ ಬಿರುಗೂದಲಿನ ಗೊಂಚಲು. ಈ ಕೂದಲು ಏಡಿಯ ಚಿಪ್ಪಿನಲ್ಲಿರುವ ಕೈಟಿನ್‌ನಿಂದಲೇ ಆದದ್ದು. ಹೆಸರಿಟ್ಟ ಪ್ರಭೇದಗಳು 10,000ಕ್ಕೂ ಹೆಚ್ಚು. ಮರಳಿನ ಕಣಗಳ ಸಂದಿಯಲ್ಲಿ ಬದುಕುವ ಒಂದು ಮಿಲಿಮೀಟರಿಗಿಂತ ಚಿಕ್ಕವೂ ಇವೆ, ಮೂರು ಮೀಟರ್ ಉದ್ದದವೂ ಇವೆ. ಡಿಎನ್‌ಎ ಆಧಾರದ ವಂಶವೃಕ್ಷ ಬಂದ ಮೇಲೆ ಗೊತ್ತಾದ ಸಂಗತಿಯೆಂದರೆ, ಎರೆಹುಳು ಮತ್ತು ಜಿಗಣೆಗಳು ಈ ಕಡಲ ಬಳಗದೊಳಗಿನಿಂದಲೇ ಕವಲೊಡೆದವು. ಹೊಲದ ಎರೆಹುಳು ಕಡಲಿನಿಂದ ನೆಲಕ್ಕೆ ವಲಸೆ ಬಂದ ಮನೆತನದ ಕುಡಿ.

ರಕ್ತದ ಬಣ್ಣದಲ್ಲೇ ಇವುಗಳ ವೈವಿಧ್ಯ ಕಾಣಿಸುತ್ತದೆ. ಬಹಳಷ್ಟಕ್ಕೆ ನಮ್ಮಂತೆ ಹಿಮೋಗ್ಲೋಬಿನ್ ಇರುವ ಕೆಂಪು ರಕ್ತ. ಬೀಸಣಿಗೆ ಹುಳುಗಳಲ್ಲಿ ಕ್ಲೋರೋಕ್ರುವೊರಿನ್ ಇರುವುದರಿಂದ ತೆಳುವಾದಾಗ ರಕ್ತ ಹಸಿರಾಗಿ ಕಾಣುತ್ತದೆ. ಮತ್ತೆ ಕೆಲವಲ್ಲಿ ಹಿಮೆರಿತ್ರಿನ್ ಇದ್ದು, ಆಮ್ಲಜನಕ ಹಿಡಿದಾಗ ನೇರಳೆ ಗುಲಾಬಿ ಬಣ್ಣ ಪಡೆಯುತ್ತದೆ.

ಯುರೋಪಿನ ಕರಾವಳಿಯ ಲಗ್‌ಹುಳು, ಅಂದರೆ ಅರೆನಿಕೋಲ ಮರೀನ, ಈ ಬಳಗದ ಬದುಕನ್ನು ಹತ್ತಿರದಿಂದ ನೋಡಲು ಒಳ್ಳೆಯ ಮಾದರಿ. ಇಳಿತದ ಹೊತ್ತಿಗೆ ತೆರೆದ ಮರಳುಬಯಲಿನಲ್ಲಿ ಎಲ್ಲಿ ನೋಡಿದರೂ ಶಾವಿಗೆ ಒತ್ತಿ ಬಿಟ್ಟಂತಹ ಮರಳಿನ ಸುರುಳಿಗಳು, ಪ್ರತಿ ಸುರುಳಿಯ ಪಕ್ಕ ಒಂದು ಗೇಣಿನೊಳಗೆ ಒಂದು ಚಿಕ್ಕ ತಗ್ಗು. ಹುಳು ಇರುವುದು ಇವೆರಡರ ನಡುವೆ, ಕೊಕ್ಕೆಯಾಕಾರದ ಬಿಲದಲ್ಲಿ, ಒಂದು ಗೇಣು ಒಂದೂವರೆ ಗೇಣು ಆಳದಲ್ಲಿ. ತಲೆಯ ಕಡೆಯಿಂದ ಮರಳು ನುಂಗುತ್ತದೆ. ನುಂಗಿದಷ್ಟೂ ಮೇಲಿನ ಮರಳು ಕುಸಿದು ತಗ್ಗಾಗುತ್ತದೆ. ಮರಳಿಗಂಟಿದ ಜೀವಾಂಶವನ್ನು ಅರಗಿಸಿಕೊಂಡು, ಸುಮಾರು 40 ನಿಮಿಷಕ್ಕೊಮ್ಮೆ ಹಿಂದಕ್ಕೆ ಸರಿದು ಬಾಲದ ತುದಿಯನ್ನು ಮೇಲಕ್ಕೆ ತಂದು ಸುರುಳಿ ಬಿಡುತ್ತದೆ. ಈ ಲಯವನ್ನು ತಾಳ್ಮೆಯಿಂದ ಅಳೆದವರು ಇಂಗ್ಲೆಂಡಿನ ಜಿ. ಪಿ. ವೆಲ್ಸ್, ಕಾದಂಬರಿಕಾರ ಎಚ್. ಜಿ. ವೆಲ್ಸ್‌ರ ಮಗ. ಬಾಲ ಮೇಲೆ ಬರುವ ಆ ಕ್ಷಣಕ್ಕೇ ಚಪ್ಪಟೆ ಮೀನುಗಳೂ ಹಕ್ಕಿಗಳೂ ಕಾದಿರುತ್ತವೆ. ಬಾಲದ ತುದಿ ಕಡಿದುಹೋದರೂ ಹುಳು ಸಾಯುವುದಿಲ್ಲ. ಅಂಥ ಕೆಲವು ತುಂಡು ಕಳೆದುಕೊಂಡರೂ ಬದುಕು ಸಾಗುತ್ತದೆ. ಮೈಯನ್ನು ಅಲೆಯಾಗಿ ಬಳುಕಿಸಿ ಅದು ಬಿಲದೊಳಗೆ ನೀರು ಹಾಯಿಸುತ್ತದೆ. ಆ ನೀರಿನ ಜೊತೆ ಆಮ್ಲಜನಕವೂ ಕೆಸರಿಗೆ ಇಳಿಯುತ್ತದೆ. ಬಿಲದ ಸುತ್ತಲಿನ ಕರಿ ಕೆಸರು ಕಂದು ಬಣ್ಣಕ್ಕೆ ತಿರುಗಿರುವುದನ್ನು ಸಲಿಕೆಯಲ್ಲಿ ಎತ್ತಿದ ಒಂದು ಹೆಂಟೆಯಲ್ಲೇ ಕಾಣಬಹುದು.

ಇಳಿತದಲ್ಲಿ ಗಂಟೆಗಟ್ಟಲೆ ಉಸಿರುಕಟ್ಟಿ ಇರಬೇಕಾದ ಈ ಹುಳುವಿನ ಹಿಮೋಗ್ಲೋಬಿನ್ ಕಣಗಳೊಳಗೆ ಇರದೆ ರಕ್ತದಲ್ಲಿ ನೇರವಾಗಿ ಕರಗಿರುತ್ತದೆ. ನಮ್ಮ ಒಂದು ಹಿಮೋಗ್ಲೋಬಿನ್ ಅಣು ನಾಲ್ಕು ಆಮ್ಲಜನಕ ಅಣುಗಳನ್ನು ಹೊತ್ತರೆ ಇದರ ದೈತ್ಯ ಅಣು ನೂರಕ್ಕೂ ಹೆಚ್ಚನ್ನು ಹೊರುತ್ತದೆ. ಕಸಿಗೆಂದು ತೆಗೆದ ಮೂತ್ರಪಿಂಡ ಕೆಡದಂತೆ ಕಾಪಾಡಲು ಅದನ್ನು ಬಳಸುವ ಬಗೆಯನ್ನು ಫ್ರಾನ್ಸಿನಲ್ಲಿ ರೂಪಿಸಲಾಗಿದೆ.

ಎಲ್ಲ ಪಾಲಿಕೀಟ್‌ಗಳೂ ಹೀಗೆ ಕೆಸರು ಉಣ್ಣುವವಲ್ಲ. ಮನೆ ಕಟ್ಟಿಕೊಂಡು ಕೂರುವ ದೊಡ್ಡ ಗುಂಪೊಂದಿದೆ. ಭಾರತದ ಪಶ್ಚಿಮ ಕರಾವಳಿಯಲ್ಲೂ ಸಿಗುವ ಡಯೊಪಾಟ್ರ ಹುಳು ತನ್ನ ಚರ್ಮದಂತಹ ಕೊಳವೆಯ ಮೇಲ್ತುದಿಗೆ ಚಿಪ್ಪಿನ ಚೂರು, ಪಾಚಿ, ಕಡ್ಡಿಗಳನ್ನು ಹೆಂಚು ಹೊದಿಸಿದಂತೆ ಅಂಟಿಸುತ್ತದೆ. ಗೂಡು ಅದಕ್ಕೆ ಮನೆಯೂ ಹೌದು, ಅಂಟಿಸಿದ ಕಸದಲ್ಲಿ ಬಂದು ಕೂರುವ ಚಿಕ್ಕ ಜೀವಿಗಳಿಂದಾಗಿ ಅಡುಗೆಮನೆಯೂ ಹೌದು. ಸರ್ಪ್ಯುಲಿಡ್ ಹುಳುಗಳು ಸುಣ್ಣದ ಕೊಳವೆ ಕಟ್ಟುತ್ತವೆ. ಹಡಗಿನ ತಳಕ್ಕೂ ಬಂದರಿನ ಕಂಬಕ್ಕೂ ಅಂಟಿ ಕಾಟ ಕೊಡುವವು ಇವೇ. ಇದೇ ಕುಟುಂಬದ ಕ್ರಿಸ್‌ಮಸ್ ಮರದ ಹುಳು ಜೀವಂತ ಹವಳದಲ್ಲಿ ಹುದುಗಿ, ಎರಡು ಸುರುಳಿ ಗರಿಗಳನ್ನಷ್ಟೇ ಹೊರಗೆ ಅರಳಿಸುತ್ತದೆ. ಕೆಂಪು, ಹಳದಿ, ನೀಲಿ ಬಣ್ಣದ ಆ ಗರಿಗಳೇ ಅದರ ಕಿವಿರು, ಅವೇ ಉಣ್ಣುವ ಕೈ. ಮೇಲೆ ನೆರಳು ಬಿದ್ದರೆ ರೆಪ್ಪೆ ಬಡಿಯುವುದರೊಳಗೆ ಮಾಯ. ಸಬೆಲ್ಲಾರಿಡ್ ಹುಳುಗಳು ಒಂದೊಂದೇ ಮರಳ ಕಣವನ್ನು ಆರಿಸಿ, ಅಂಟು ಹಚ್ಚಿ, ಒತ್ತಿ ಕೂರಿಸುತ್ತವೆ. ನೀರಿನಡಿಯಲ್ಲೇ ಅರ್ಧ ನಿಮಿಷದೊಳಗೆ ಹಿಡಿಯುವ ಆ ಅಂಟನ್ನು ನೋಡಿ ಮುರಿದ ಮೂಳೆಗೆ ಹಾಕುವ ಅಂಟು ತಯಾರಿಸುವ ಪ್ರಯತ್ನ ಅಮೆರಿಕದಲ್ಲಿ ನಡೆದಿದೆ. ಫ್ರಾನ್ಸಿನ ಮೋಂ ಸ್ಯಾಂ ಮಿಶೆಲ್ ಕೊಲ್ಲಿಯಲ್ಲಿ ಇಂಥ ಹುಳುಗಳು ಒತ್ತಾಗಿ ಕಟ್ಟಿದ ಮರಳಿನ ದಿಬ್ಬಗಳು ಯುರೋಪಿನಲ್ಲಿ ಜೀವಿಗಳು ಕಟ್ಟಿದ ಅತಿ ದೊಡ್ಡ ದಿಣ್ಣೆಗಳೆಂದು ಹೆಸರಾಗಿವೆ.

ಹಲ್ಲು, ವಿಷ ಮತ್ತು ಭತ್ತದ ಗದ್ದೆ

ಬೇಟೆಯಾಡುವ ಪಾಲಿಕೀಟ್‌ಗಳಿಗೆ ಗಂಟಲಿನಲ್ಲಿ ದವಡೆಗಳಿವೆ. ಬೇಟೆ ಸಿಕ್ಕಾಗ ಗಂಟಲೇ ಅಂಗಿಯ ತೋಳು ಮಗುಚಿದಂತೆ ಹೊರಕ್ಕೆ ಬರುತ್ತದೆ. ನೀರಿಸ್ ಹುಳುವಿನ ದವಡೆ ಸತುವಿನಿಂದ ಗಟ್ಟಿಯಾದರೆ, ಗ್ಲಿಸೆರ ಹುಳುವಿನ ನಾಲ್ಕು ಕೋರೆಗಳಲ್ಲಿ ತಾಮ್ರದ ಖನಿಜವಾದ ಅಟಕಮೈಟ್ ಇದೆ. ತಾಮ್ರದ ಖನಿಜವನ್ನು ಹಲ್ಲಿಗೆ ಬಳಸುವುದು ಪ್ರಾಣಿಲೋಕದಲ್ಲಿ ತೀರಾ ಅಪರೂಪ. ಯೂನಿಸ್ ಅಫ್ರೋಡಿಟಾಯ್ಸ್ ಎಂಬ ಮೂರು ಮೀಟರಿನ ಹುಳು ಮರಳಿನಲ್ಲಿ ಹೂತು, ದವಡೆ ತೆರೆದು ಕಾಯುತ್ತ, ಮೇಲೆ ಸುಳಿದ ಮೀನನ್ನು ಹಿಡಿದು ಒಳಗೆಳೆದುಕೊಳ್ಳುತ್ತದೆ. ಬೆಂಕಿಹುಳುಗಳ ಆಯುಧ ಬೇರೆ. ಮುಟ್ಟಿದರೆ ಗಾಜಿನಂತೆ ಮುರಿದು ಚರ್ಮದಲ್ಲಿ ಉಳಿಯುವ ಬಿಳಿ ಬಿರುಗೂದಲು, ಜೊತೆಗೆ ಗಂಟೆಗಟ್ಟಲೆ ಉರಿ.

ಕನ್ನಡ ನಾಡಿನ ರೈತರಿಗೆ ಗೊತ್ತಿಲ್ಲದೆಯೇ ಅವರ ಗದ್ದೆಗೆ ಒಂದು ಕಡಲ ಹುಳುವಿನ ನಂಟಿದೆ. ಜಪಾನಿನ ಮೀನುಗಾರರು ಗಾಳಕ್ಕೆ ಸಿಕ್ಕಿಸುತ್ತಿದ್ದ ಒಂದು ಬಗೆಯ ಪಾಲಿಕೀಟ್ ಸತ್ತು ಬಿದ್ದಾಗ, ಅದರ ಮೇಲೆ ಬಂದು ಕೂತ ನೊಣಗಳು ಮರಗಟ್ಟಿ ಸಾಯುವುದನ್ನು ಅಲ್ಲಿಯವರು ಗಮನಿಸಿದ್ದರು. 1934ರಲ್ಲಿ ಆ ಹುಳುವಿನಿಂದ ನಿಟ್ಟ ಎಂಬ ವಿಜ್ಞಾನಿ ವಿಷವಸ್ತುವನ್ನು ಬೇರ್ಪಡಿಸಿದರು. ಅದಕ್ಕೆ ನೀರಿಸ್‌ಟಾಕ್ಸಿನ್ ಎಂದು ಹೆಸರಾಯಿತು. ಕೀಟದ ನರದಿಂದ ನರಕ್ಕೆ ಸಂದೇಶ ದಾಟುವ ಬಾಗಿಲನ್ನು ಅದು ಮುಚ್ಚಿಬಿಡುತ್ತದೆ. ಆ ಅಣುವನ್ನು ಅನುಕರಿಸಿ 1960ರ ದಶಕದಲ್ಲಿ ಜಪಾನಿನಲ್ಲೇ ತಯಾರಾದ ಕೀಟನಾಶಕ ಕಾರ್ಟಾಪ್. ಭತ್ತದ ಕಾಂಡಕೊರಕಕ್ಕೂ ಎಲೆ ಸುರುಳಿ ಹುಳುವಿಗೂ ಇಂದಿಗೂ ಗದ್ದೆಗೆ ಎರಚುವ ಕಾರ್ಟಾಪ್ ಹೈಡ್ರೋಕ್ಲೋರೈಡ್ ಹರಳು ಇದೇ. ಈ ಬಗೆಯ ಔಷಧ ರೇಷ್ಮೆ ಹುಳುವಿಗೆ ಬಹಳ ಕೆಟ್ಟದ್ದು. ಗದ್ದೆಯ ಪಕ್ಕ ಹಿಪ್ಪುನೇರಳೆ ಬೆಳೆಯುವವರು ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ನೋಡಿಕೊಂಡೇ ಇದನ್ನು ಬಳಸಬೇಕು. ಕಡಲ ತಳದ ಒಂದು ಹುಳು, ಗದ್ದೆಯ ಹುಳು, ಚಂದ್ರಂಕಿಯ ರೇಷ್ಮೆ ಹುಳು ಹೀಗೆ ಒಂದೇ ಅಣುವಿನ ಸುತ್ತ ಸೇರಿವೆ.

ಚಂದ್ರನ ಲೆಕ್ಕ

ಬಿಲದಲ್ಲಿ ಒಂಟಿಯಾಗಿರುವ ಹುಳುಗಳಿಗೆ ಜೊತೆ ಸಿಗುವುದು ಹೇಗೆ? ಬಹಳಷ್ಟು ಪಾಲಿಕೀಟ್‌ಗಳು ಮೊಟ್ಟೆಯನ್ನೂ ವೀರ್ಯವನ್ನೂ ನೀರಿಗೆ ಬಿಡುತ್ತವೆ. ಎಲ್ಲವೂ ಒಂದೇ ಗಳಿಗೆಗೆ ಬಿಡದಿದ್ದರೆ ವ್ಯರ್ಥ. ಈ ಹೊಂದಾಣಿಕೆಗೆ ಅವು ಹಿಡಿದ ಗಡಿಯಾರ ಚಂದ್ರ.

ಸಮೋವ, ಫಿಜಿ ದ್ವೀಪಗಳ ಪಲೋಲೊ ಹುಳು ಇದರಲ್ಲಿ ಹೆಸರಾದದ್ದು. ಹವಳದ ಬಂಡೆಯ ಬಿರುಕುಗಳಲ್ಲಿ ಬದುಕುವ ಈ ಹುಳುವಿನ ಹಿಂಭಾಗ ಸಂತಾನಕಾಲಕ್ಕೆ ಬದಲಾಗುತ್ತದೆ. ಮೊಟ್ಟೆ ಅಥವಾ ವೀರ್ಯ ತುಂಬಿಕೊಂಡು, ಉಂಗುರಕ್ಕೊಂದರಂತೆ ಬೆಳಕು ಅರಿಯುವ ಚುಕ್ಕೆ ಪಡೆದು, ಕೊನೆಗೆ ಕಳಚಿಕೊಂಡು ತಾನೇ ಈಜುತ್ತ ಮೇಲೇರುತ್ತದೆ. ತಲೆಯ ಭಾಗ ಬಂಡೆಯಲ್ಲೇ ಉಳಿದು ಮತ್ತೆ ಬಾಲ ಬೆಳೆಸಿಕೊಳ್ಳುತ್ತದೆ. ಅಕ್ಟೋಬರ್ ಇಲ್ಲವೇ ನವೆಂಬರ್‌ನ ಕೃಷ್ಣಪಕ್ಷದ ಅಷ್ಟಮಿಯ ಆಸುಪಾಸಿನ ಒಂದೆರಡು ದಿನ, ಬೆಳಗಾಗುವ ಮುನ್ನ, ನೀರೆಲ್ಲ ಹಸಿರು ಕಂದು ಎಳೆಗಳಿಂದ ಕುದಿಯುತ್ತದೆ. ಊರಿಗೆ ಊರೇ ಬಲೆ, ಬುಟ್ಟಿ ಹಿಡಿದು ನೀರಿಗಿಳಿಯುತ್ತದೆ. ವರ್ಷಕ್ಕೊಮ್ಮೆ ಸಿಗುವ ಈ ಹುಳುಗಳನ್ನು ಹಸಿಯಾಗಿಯೂ ಹುರಿದೂ ತಿನ್ನುವುದು ಅವರಿಗೆ ಹಬ್ಬ.

ಇದು ನಿಜಕ್ಕೂ ಚಂದ್ರನ ಬೆಳಕಿನದೇ ಕೆಲಸವೇ ಎಂದು ಪರೀಕ್ಷಿಸಿದವರು ಜರ್ಮನಿಯ ಕಾರ್ಲ್ ಹೌವೆನ್‌ಶಿಲ್ಡ್. ಪ್ಲಾಟಿನೀರಿಸ್ ಎಂಬ ಹುಳುವನ್ನು ಪ್ರಯೋಗಾಲಯದಲ್ಲಿ ಸಾಕಿ, ತಿಂಗಳಿಗೆ ಕೆಲವು ರಾತ್ರಿ ಮಂದ ದೀಪ ಉರಿಸಿದರು. ಹುಳುಗಳು ಆ ಸುಳ್ಳು ಹುಣ್ಣಿಮೆಗೇ ತಮ್ಮ ಲೆಕ್ಕ ಹೊಂದಿಸಿಕೊಂಡವು. ಅದೇ ಹುಳು ಇಂದು ಜೀವಿಗಳೊಳಗಿನ ಗಡಿಯಾರವನ್ನು ಅರಿಯಲು ಬಳಸುವ ಮುಖ್ಯ ಮಾದರಿ.

ಬರ್ಮುಡಾದ ಬೆಳಕಿನ ಹುಳುಗಳು ಹುಣ್ಣಿಮೆ ಕಳೆದ ಕೆಲವು ರಾತ್ರಿಗಳಲ್ಲಿ, ಸೂರ್ಯ ಮುಳುಗಿ ಸುಮಾರು 55 ನಿಮಿಷಕ್ಕೆ ಮೇಲೆ ಬರುತ್ತವೆ. ಹೆಣ್ಣು ಹಸಿರು ಬೆಳಕಿನ ವೃತ್ತ ಬರೆಯುತ್ತ ತಿರುಗುತ್ತದೆ, ಗಂಡು ಮಿನುಗುತ್ತ ಆ ವೃತ್ತಕ್ಕೆ ನುಗ್ಗುತ್ತದೆ. 1492ರ ಅಕ್ಟೋಬರ್ 11ರ ರಾತ್ರಿ ಕೊಲಂಬಸ್ ದೂರದಲ್ಲಿ ಕಂಡ ಮೇಣದಬತ್ತಿಯಂತಹ ಬೆಳಕು ಇಂಥ ಹುಳುಗಳದ್ದಿರಬಹುದು ಎಂಬ ಊಹೆ ಹಳೆಯದು.

ಮೊಟ್ಟೆಯೊಡೆದು ಬರುವ ಮರಿ ಬುಗುರಿಯಂತೆ ದುಂಡಗೆ, ನಡುವಿನಲ್ಲಿ ಲೋಮಗಳ ಪಟ್ಟಿ ಸುತ್ತಿಕೊಂಡು ತೇಲುತ್ತದೆ. ಟ್ರೋಕೋಫೋರ್ ಎಂಬ ಈ ಡಿಂಭ ಬಸವನಹುಳು, ಚಿಪ್ಪುಜೀವಿಗಳ ಕಡಲ ಬಳಗಕ್ಕೂ ಇದೆ. ಬೆಳೆದ ಮೇಲೆ ಎಷ್ಟೇ ಬೇರೆಯಾಗಿ ಕಂಡರೂ ಹುಳುವೂ ಚಿಪ್ಪಿಯೂ ದಾಯಾದಿಗಳೆಂದು ಸಾರುವುದು ಈ ಎಳೆಯ ರೂಪ.

ಬಾಯಿಲ್ಲದವು

1977ರಲ್ಲಿ ಗಲಪಗೋಸ್ ದ್ವೀಪಗಳ ಹತ್ತಿರ, 2,500 ಮೀಟರ್ ಆಳದಲ್ಲಿ, ಆಲ್ವಿನ್ ಎಂಬ ಜಲಾಂತರ್ಗಾಮಿಯಲ್ಲಿದ್ದ ಭೂವಿಜ್ಞಾನಿಗಳು ಬಿಸಿನೀರಿನ ಬುಗ್ಗೆ ಹುಡುಕುತ್ತಿದ್ದರು. ಬುಗ್ಗೆ ಸಿಕ್ಕಿತು, ಅದರ ಸುತ್ತ ಆಳೆತ್ತರದ ಬಿಳಿ ಕೊಳವೆಗಳ ತೋಪು, ಪ್ರತಿ ಕೊಳವೆಯ ತುದಿಯಲ್ಲೂ ರಕ್ತಗೆಂಪು ಗರಿ. ಆ ದೋಣಿಯಲ್ಲಿ ಜೀವವಿಜ್ಞಾನಿ ಒಬ್ಬರೂ ಇರಲಿಲ್ಲ. ರಿಫ್ಟಿಯ ಪ್ಯಾಕಿಪ್ಟಿಲ ಎಂದು ಹೆಸರಾದ ಆ ಹುಳುವನ್ನು ಕೊಯ್ದು ನೋಡಿದಾಗ ಬಾಯಿಯಿಲ್ಲ, ಕರುಳಿಲ್ಲ, ಗುದದ್ವಾರವಿಲ್ಲ. ಮೈಯೊಳಗಿನ ದೊಡ್ಡ ಸ್ಪಂಜಿನಂತಹ ಅಂಗದಲ್ಲಿ ಗಂಧಕದ ಹರಳುಗಳಿವೆ ಎಂದು ವಿಜ್ಞಾನಿ ಮೆರೆಡಿತ್ ಜೋನ್ಸ್ ಹಾರ್ವರ್ಡ್‌ನಲ್ಲಿ ಉಪನ್ಯಾಸ ಮಾಡುತ್ತಿದ್ದಾಗ ಕೇಳುತ್ತಿದ್ದ ವಿದ್ಯಾರ್ಥಿನಿ ಕಾಲೀನ್ ಕ್ಯಾವನಾ ಅಲ್ಲೇ ಎದ್ದು ನಿಂತು, ಒಳಗೆ ಗಂಧಕ ಉಣ್ಣುವ ಬ್ಯಾಕ್ಟೀರಿಯ ಇರಲೇಬೇಕು ಎಂದರು. 1981ರಲ್ಲಿ ಅದು ಪುರಾವೆ ಸಮೇತ ಪ್ರಕಟವಾಯಿತು. ಹುಳುವಿನ ರಕ್ತ ಆಮ್ಲಜನಕವನ್ನೂ, ಇತರ ಪ್ರಾಣಿಗಳಿಗೆ ವಿಷವಾದ ಹೈಡ್ರೋಜನ್ ಸಲ್ಫೈಡನ್ನೂ ಒಂದೇ ಹಿಮೋಗ್ಲೋಬಿನ್ನಿನ ಬೇರೆ ಬೇರೆ ಜಾಗದಲ್ಲಿ ಹೊತ್ತು ಒಳಗಿನ ಬ್ಯಾಕ್ಟೀರಿಯಗಳಿಗೆ ತಲುಪಿಸುತ್ತದೆ. ಅವು ಅದರಿಂದ ಶಕ್ತಿ ಪಡೆದು ಆಹಾರ ತಯಾರಿಸುತ್ತವೆ, ಹುಳು ಆ ಫಸಲಿನಲ್ಲಿ ಬದುಕುತ್ತದೆ. ಸೂರ್ಯನ ಬೆಳಕು ಬೀಳದ ಕಡೆ ನಡೆಯುವ ಬೇಸಾಯ ಇದು. ಈ ಬ್ಯಾಕ್ಟೀರಿಯ ತಾಯಿಯಿಂದ ಬರುವುದಿಲ್ಲ. ಪ್ರತಿ ಮರಿಯೂ ಚರ್ಮದ ಮೂಲಕ ಅವನ್ನು ಸುತ್ತಲ ನೀರಿನಿಂದಲೇ ಪಡೆದುಕೊಳ್ಳಬೇಕು.

ರಿಫ್ಟಿಯ ವರ್ಷಕ್ಕೆ 85 ಸೆಂಟಿಮೀಟರಿನಷ್ಟು ಬೆಳೆಯಬಲ್ಲದು, ಏಕೆಂದರೆ ಬುಗ್ಗೆ ಯಾವಾಗ ಆರುತ್ತದೋ ಗೊತ್ತಿಲ್ಲ. ಮೆಕ್ಸಿಕೊ ಕೊಲ್ಲಿಯ ತಣ್ಣನೆಯ ತೈಲ ಒಸರುಗಳಲ್ಲಿರುವ ಅದರ ದಾಯಾದಿ ಲಮೆಲಿಬ್ರಾಕಿಯ ತೀರ ನಿಧಾನಿ. 250 ವರ್ಷ ದಾಟಿ ಬದುಕುತ್ತದೆ.

ಇದೇ ಕುಟುಂಬದ ಆಸೆಡಾಕ್ಸ್ ಇನ್ನೂ ವಿಚಿತ್ರ. 2002ರಲ್ಲಿ ಕ್ಯಾಲಿಫೋರ್ನಿಯದ ಮಾಂಟೆರೆ ಕೊಲ್ಲಿಯಲ್ಲಿ ಸುಮಾರು 2,900 ಮೀಟರ್ ಆಳಕ್ಕೆ ಬಿದ್ದಿದ್ದ ತಿಮಿಂಗಿಲದ ಅಸ್ಥಿಪಂಜರದ ಮೇಲೆ ಕೆಂಪು ನೂಲಿನ ಪೊದೆಯಂತೆ ಬೆಳೆದಿದ್ದ ಇದು ಮೂಳೆ ತಿನ್ನುವ ಹುಳು. ಬಾಯಿಯಿಲ್ಲದ ಅದು ಆಮ್ಲ ಒಸರಿಸುವ ಹಸಿರು ಬೇರುಗಳನ್ನು ಎಲುಬಿನೊಳಗೆ ಇಳಿಬಿಡುತ್ತದೆ. ಹಾಗೆ ಕಂಡದ್ದೆಲ್ಲ ಹೆಣ್ಣುಗಳೇ. ಗಂಡುಗಳಿಗಾಗಿ ಹುಡುಕಿದಾಗ ಅವು ಹೆಣ್ಣಿನ ಕೊಳವೆಯೊಳಗೆ ಸಿಕ್ಕವು: ಸೂಕ್ಷ್ಮದರ್ಶಕಕ್ಕಷ್ಟೇ ಕಾಣುವ, ಒಂದೊಂದು ಕೊಳವೆಯಲ್ಲಿ ಹತ್ತಾರು ಇರುವ, ಡಿಂಭದ ಹಂತ ದಾಟದ ಗಂಡುಗಳು.

ಮೆಡಿಟರೇನಿಯನ್ ಕಡಲಿನ ಹಸಿರು ಚಮಚಹುಳು ಬೊನೆಲಿಯದಲ್ಲೂ ಇಂಥದೇ ಕತೆ. ಹೆಣ್ಣಿನ ಮೈ ಒಂದು ಹಿಡಿಯಷ್ಟಿದ್ದರೆ ಸೊಂಡಿಲು ಒಂದು ಮೀಟರ್ ಚಾಚುತ್ತದೆ. ಗಂಡು ಒಂದೆರಡು ಮಿಲಿಮೀಟರ್, ಹೆಣ್ಣಿನೊಳಗೇ ಅದರ ವಾಸ. ಡಿಂಭ ಗಂಡಾಗಬೇಕೋ ಹೆಣ್ಣಾಗಬೇಕೋ ಎಂಬುದನ್ನು ಹೆಚ್ಚಾಗಿ ಅದು ಇಳಿದ ಜಾಗ ನಿರ್ಧರಿಸುತ್ತದೆ. ಬರಿಯ ನೆಲದಲ್ಲಿ ಇಳಿದರೆ ಹೆಣ್ಣು, ಹೆಣ್ಣೊಂದರ ಸೊಂಡಿಲಿನ ಮೇಲೆ ಇಳಿದರೆ ಗಂಡು. ಚಮಚಹುಳು, ರಿಫ್ಟಿಯ, ಕಡಲೆಬೀಜದಂತೆ ಮುದುಡುವ ಸಿಪುನ್‌ಕ್ಯುಲ ಇವೆಲ್ಲಕ್ಕೂ ಹಿಂದೆ ಬೇರೆ ಬೇರೆ ವಂಶದ ಪಟ್ಟವಿತ್ತು. ಈಗ ಎಲ್ಲವೂ ವಲಯವಂತಗಳೊಳಗೆ ಸೇರಿವೆ.

ಉಳಿದ ವಂಶಗಳು

ರಿಬ್ಬನ್ ಹುಳುಗಳು ಸುಮಾರು 1,300 ಪ್ರಭೇದ. ಬೇಟೆಗೆ ಸೊಂಡಿಲನ್ನು ಚಾಟಿಯಂತೆ ಎಸೆಯುತ್ತವೆ. ಇವುಗಳಲ್ಲಿ ಲೈನಿಯಸ್ ಲಾಂಜಿಸ್ಸಿಮಸ್ ಎಂಬುದೊಂದು 1864ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ದಡಕ್ಕೆ ಬಂದು ಬಿದ್ದಾಗ 55 ಮೀಟರ್ ಅಳೆಯಿತೆಂದು ದಾಖಲೆ. ಎಳೆದರೆ ಹಿಗ್ಗುವ ಮೈಯಾದ್ದರಿಂದ ಆ ಅಳತೆಯನ್ನು ಪೂರ್ತಿ ನಂಬುವಂತಿಲ್ಲ. ಆದರೂ ಹತ್ತಿಪ್ಪತ್ತು ಮೀಟರಿನವು ಇರುವುದು ನಿಜ. ಕಡಲ ಚಪ್ಪಟೆಹುಳುಗಳು ಹವಳದ ಮೇಲೆ ಸೀರೆಯ ಸೆರಗಿನಂತೆ ಅಲೆಯಾಡುತ್ತ ಸಾಗುತ್ತವೆ. ನೋಟಕ್ಕೆ ಅವುಗಳಂತಿದ್ದರೂ ಬೇರೆ ಬಳಗಕ್ಕೆ ಸೇರಿದ, ಫ್ರಾನ್ಸಿನ ರೊಸ್ಕಾಫ್ ದಡದ ಹಸಿರು ಹುಳು ಪಾಚಿಯ ಕೋಶಗಳನ್ನು ಚರ್ಮದಡಿ ಸಾಕಿಕೊಂಡು, ಇಳಿತದಲ್ಲಿ ಮೇಲೆ ಬಂದು ಬಿಸಿಲು ಕಾಯುತ್ತದೆ. ಬಾಣಹುಳುಗಳು ಗಾಜಿನಂತೆ ಪಾರದರ್ಶಕ. ಅವುಗಳಲ್ಲಿ ಬಹುಪಾಲು ತೇಲುಜೀವಿಗಳ ನಡುವೆ ಬೇಟೆಯಾಡುತ್ತ ಇಡೀ ಬದುಕನ್ನು ನಡುನೀರಿನಲ್ಲೇ ಕಳೆಯುತ್ತವೆ.

ಸಂಖ್ಯೆಯ ಮಾತು ಬಂದರೆ ದುಂಡುಹುಳುಗಳನ್ನು ಮೀರಿಸುವವರಿಲ್ಲ. ಒಂದು ಚದರ ಮೀಟರ್ ಕಡಲ ಕೆಸರಿನಲ್ಲಿ ಹತ್ತು ಲಕ್ಷಕ್ಕೂ ಮೀರಿ ಸಿಗಬಹುದು, ಬಹುಪಾಲು ಬರಿಗಣ್ಣಿಗೆ ಕಾಣದವು. ಮೀನು ಹಸನು ಮಾಡುವಾಗ ಹೊಟ್ಟೆಯಲ್ಲಿ ಕೆಲವೊಮ್ಮೆ ಕಾಣುವ ಸುರುಳಿ ಸುತ್ತಿದ ಬಿಳಿ ಎಳೆಯೂ ಇವುಗಳ ಬಳಗದ ಪರಾವಲಂಬಿ ಅನಿಸಾಕಿಸ್ ಆಗಿರಬಹುದು. ಹಸಿ ಮೀನು ತಿನ್ನುವವರಿಗೆ ಇದರಿಂದ ಹೊಟ್ಟೆನೋವು ಬರಬಹುದು. ಚೆನ್ನಾಗಿ ಕುದಿಸಿದ ಸಾರಿನಲ್ಲಿ ಅದು ಉಳಿಯುವುದಿಲ್ಲ.

ಓಕ್‌ಕಾಯಿ ಹುಳುವಿನ ಗಂಟಲಿನ ಪಕ್ಕದಲ್ಲಿ ಮೀನಿನ ಭ್ರೂಣದಲ್ಲಿರುವಂತಹ ಕಿವಿರು ಸೀಳುಗಳಿವೆ. ನಮ್ಮ ಪೂರ್ವಜರ ಗುರುತು ಹುಡುಕುವವರಿಗೆ ಅದು ಅಮೂಲ್ಯ ಸಾಕ್ಷಿ. ತಮಿಳುನಾಡಿನ ಮನ್ನಾರ್ ಕೊಲ್ಲಿಯ ಕ್ರುಸಡೈ ದ್ವೀಪದ ಮರಳಿನಲ್ಲಿ ಸಿಗುವ ಟೈಕೋಡೆರ ಫ್ಲೇವ ಈ ಬಳಗದ್ದು.

ಭಾರತದ ಕಡಲುಗಳಲ್ಲಿ

ಭಾರತದ ಹುಳುಗಳ ವೈಜ್ಞಾನಿಕ ಅಧ್ಯಯನಕ್ಕೆ ಎರಡು ಗ್ರಂಥಗಳು ಅಡಿಪಾಯ: ರೋಲಂಡ್ ಸದರ್ನ್ 1921ರಲ್ಲಿ ಚಿಲಿಕಾ ಸರೋವರದ ಪಾಲಿಕೀಟ್‌ಗಳ ಬಗ್ಗೆ ಬರೆದದ್ದು ಮತ್ತು ಫ್ರಾನ್ಸಿನ ಪಿಯೆರ್ ಫೋವೆಲ್ 1953ರಲ್ಲಿ ಇಡೀ ಭಾರತದ ಪಾಲಿಕೀಟ್‌ಗಳನ್ನು ವಿವರಿಸಿದ್ದು. ಫೋವೆಲ್‌ರ ಗ್ರಂಥವನ್ನು ಗುರುತಿಸುವ ಕೈಪಿಡಿಯಾಗಿ ಇಂದಿಗೂ ತೆರೆಯುತ್ತಾರೆ. ಯುರೋಪಿನ ಹೆಸರುಗಳನ್ನೇ ಇಲ್ಲಿನ ಹುಳುಗಳಿಗೂ ಅಂಟಿಸಿದ್ದು ಆ ಕಾಲದ ದೋಷ. ಹಾಗೆ ಒಂದೇ ಹೆಸರಿನಡಿ ಅಡಗಿದ ಬೇರೆ ಬೇರೆ ಪ್ರಭೇದಗಳನ್ನು ಬಿಡಿಸುವ ಕೆಲಸ ಈಗ ನಡೆಯುತ್ತಿದೆ.

ಅರಬ್ಬಿ ಕಡಲಿನಲ್ಲಿ ಸರಿಸುಮಾರು 150ರಿಂದ 1,000 ಮೀಟರ್ ಆಳದ ನಡುವೆ ಆಮ್ಲಜನಕ ತೀರಾ ಕಡಿಮೆ ಇರುವ ದಪ್ಪ ಪದರವೊಂದಿದೆ. ಜಗತ್ತಿನಲ್ಲೇ ಇಂಥ ಅತಿ ತೀವ್ರ ಪದರಗಳಲ್ಲಿ ಇದೂ ಒಂದು. ಅದು ತಗಲುವ ತಳದಲ್ಲಿ ಏಡಿ, ಚಿಪ್ಪುಗಳು ವಿರಳವಾಗಿ, ಉಳಿದಿರುವುದರಲ್ಲಿ ಬಹುಪಾಲು ಪಾಲಿಕೀಟ್‌ಗಳೇ. ಅಲ್ಲಿನ ಹುಳುಗಳಲ್ಲಿ ಅನೇಕವಕ್ಕೆ ಮೈಗೆ ಹೋಲಿಸಿದರೆ ಕಿವಿರು ದೊಡ್ಡದು.

ದಡಕ್ಕೆ ಹತ್ತಿರ ಬಂದರೆ ಇವು ಊಟದ ತಟ್ಟೆಗೂ ಸಂಬಂಧಿಸಿದವು. ಮಂಗಳೂರು, ಮಲ್ಪೆಯ ಕಡೆ ಬಲೆಗೆ ಬೀಳುವ ನಂಗು ಮೀನಿನ ಹೊಟ್ಟೆಯಲ್ಲಿ ಮುಖ್ಯವಾಗಿ ಸಿಗುವುದು ಪಾಲಿಕೀಟ್. ಅಳಿವೆಯ ಕಾಣೆ ಮೀನೂ ಇವನ್ನು ಹುಡುಕಿ ತಿನ್ನುತ್ತದೆ. ಕಾಳಿ, ಅಘನಾಶಿನಿ, ನೇತ್ರಾವತಿಗಳ ಅಳಿವೆಯ ಕೆಸರುಬಯಲುಗಳಲ್ಲಿ ಚಳಿಗಾಲಕ್ಕೆ ಬಂದಿಳಿಯುವ ಉದ್ದ ಕೊಕ್ಕಿನ ವಲಸೆ ಹಕ್ಕಿಗಳು ಇಳಿತದಲ್ಲಿ ಕೊಕ್ಕು ಚುಚ್ಚಿ ಚುಚ್ಚಿ ತೆಗೆಯುವುದರಲ್ಲೂ ಹುಳುಗಳಿರುತ್ತವೆ. ಸಿಗಡಿ ಮರಿ ಉತ್ಪಾದನಾ ಕೇಂದ್ರಗಳಲ್ಲಿ ತಾಯಿ ಸಿಗಡಿ ಚೆನ್ನಾಗಿ ಮೊಟ್ಟೆ ಕಟ್ಟಲಿ ಎಂದು ಜೀವಂತ ಪಾಲಿಕೀಟ್ ಉಣಿಸುತ್ತಾರೆ, ಅವುಗಳ ಕೊಬ್ಬಿನಲ್ಲಿರುವ ಆಮ್ಲಗಳು ಅದಕ್ಕೆ ಬೇಕು. ಈ ಬೇಡಿಕೆಗಾಗಿ ಹಿನ್ನೀರುಗಳ ಕೆಸರು ಅಗೆದು ಹುಳು ಆಯುವುದು ಪೂರ್ವ ಕರಾವಳಿಯಲ್ಲಿ ಒಂದು ಕಸುಬೇ ಆಗಿದೆ. ಅಗೆದ ಕೆಸರಿನಲ್ಲಿ ಬಳಚಿನ ಮರಿಗಳೂ ಹಾಳಾಗುತ್ತವೆ ಎಂಬುದನ್ನು ಈ ಕಸುಬಿಗೆ ಮಿತಿ ಹಾಕುವಾಗ ಮರೆಯಬಾರದು.

ಕೊಳಚೆ ಸೇರುವ ಕಡೆ ಕ್ಯಾಪಿಟೆಲ್ಲ ಎಂಬ ಕೆಂಪು ದಾರದಂತಹ ಹುಳು ಮಿತಿಮೀರಿ ಹೆಚ್ಚುತ್ತದೆ. ಬೇರೆ ಹುಳುಗಳು ಅಳಿದ ಜಾಗದಲ್ಲಿ ಅದೊಂದೇ ಸಾವಿರಗಟ್ಟಲೆ ಸಿಕ್ಕಿದರೆ ನೀರು ಕೆಟ್ಟಿದೆ ಎಂದೇ ಅರ್ಥ. ಯಂತ್ರಕ್ಕಿಂತ ಇದು ನಂಬಿಕಸ್ಥ, ಏಕೆಂದರೆ ಯಂತ್ರ ಆ ಕ್ಷಣದ ನೀರನ್ನು ಅಳೆದರೆ ಹುಳು ತಿಂಗಳುಗಳ ಲೆಕ್ಕ ಹೇಳುತ್ತದೆ. ಆದರೆ ಒಂದೇ ಹೆಸರಿನಡಿ ಕರೆದ ಈ ಕ್ಯಾಪಿಟೆಲ್ಲದಲ್ಲೂ ನೋಟಕ್ಕೆ ಒಂದೇ ಆದ ಹಲವು ಪ್ರಭೇದಗಳಿವೆ ಎಂದು 1976ರಲ್ಲಿ ಅಮೆರಿಕದ ಗ್ರಾಸ್ಲ್ ದಂಪತಿ ತೋರಿಸಿದರು.

ಆಳದ ಕಡಲಿನ ಹುಳುಗಳಿಗೆ ಈಗ ಹೊಸ ಗಂಡಾಂತರ ಎದುರಾಗಿದೆ. ಮಧ್ಯ ಹಿಂದೂ ಮಹಾಸಾಗರದ ತಳದಲ್ಲಿ, ಐದು ಸಾವಿರ ಮೀಟರ್ ಆಳದಲ್ಲಿ, ಮ್ಯಾಂಗನೀಸ್, ನಿಕಲ್, ತಾಮ್ರ, ಕೋಬಾಲ್ಟ್ ಇರುವ ಗಡ್ಡೆಗಳು ಹರಡಿವೆ. 1987ರಲ್ಲಿ ಭಾರತಕ್ಕೆ ಅಲ್ಲಿ ಅನ್ವೇಷಣೆಯ ಕ್ಷೇತ್ರ ದೊರೆಯಿತು. ಇಂದು ಅದರ ವಿಸ್ತಾರ 75,000 ಚದರ ಕಿಲೋಮೀಟರ್. ಗಡ್ಡೆ ಆರಿಸುವ ಯಂತ್ರ ತಳವನ್ನು ಕಲಕಿದರೆ ಏನಾಗುತ್ತದೆಂದು ತಿಳಿಯಲು ಗೋವಾದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು 1997ರಲ್ಲಿ ಒಂದು ಪಟ್ಟಿಯಷ್ಟು ತಳವನ್ನು ಬೇಕೆಂದೇ ಕಲಕಿ, ಮೊದಲು ಮತ್ತು ಆಮೇಲೆ ಕೆಸರು ತೆಗೆದು ಎಣಿಸಿದರು. ಕಲಕಿದ ಪಟ್ಟಿಯಲ್ಲಿ ತಳಜೀವಿಗಳ ಸಂಖ್ಯೆ ಕುಸಿದಿತ್ತು. ಶಾಂತ ಸಾಗರದ ಇಂಥದೇ ಗಡ್ಡೆಯ ಬಯಲಾದ ಕ್ಲಾರಿಯನ್ ಕ್ಲಿಪರ್ಟನ್ ವಲಯದಲ್ಲಿ ಇರುವ ಪ್ರಾಣಿ ಪ್ರಭೇದಗಳಲ್ಲಿ ನೂರಕ್ಕೆ ತೊಂಬತ್ತರಷ್ಟಕ್ಕೆ ಇನ್ನೂ ಹೆಸರೇ ಇಟ್ಟಿಲ್ಲವೆಂದು 2023ರ ಅಂದಾಜು. ಹೆಸರಿಲ್ಲದ ಆ ಪ್ರಾಣಿಗಳಲ್ಲಿ ಹುಳುಗಳದ್ದು ದೊಡ್ಡ ಪಾಲು.